ಉಸ್ಮಾನಾಕನ ಸೂರ್ಯೋದಯ

ನಮ್ಮ ಎದುರು ಫ್ಲ್ಯಾಟಿನವರು ಮೊನ್ನೆ ಒಂದು ರುಬ್ಬುವ ಕಲ್ಲನ್ನು ಲಿಫ್ಟಿನಲ್ಲಿ ನಾಲ್ಕನೆಯ ಮಹಡಿಗೆ ಏರಿಸಿದರು. ಲಿಫ್ಟು ಎರಡು ದಿನ ಕೆಟ್ಟು ನಿಂತಿತು. ನನ್ನ ಮೊಣಕಾಲಿನ ಸ್ಥಿತಿ ಗೊತ್ತಿರುವವರಿಗೆ ಆ ಎರಡು ದಿನ ನಾನು ಹೇಗೆ ಕಳೆದೆ ಎಂದು ಬೇರೆ ಹೇಳಬೇಕಾಗಿಲ್ಲ. ಇಷ್ಟು ಕಷ್ಟಪಟ್ಟು ತಂದದ್ದರಲ್ಲಿ ಏನಾದರೂ ರುಬ್ಬುತ್ತಾರೇನೋ, ಪಕ್ಕದ ಮನೆಗೂ ಒಂದು ಬಟ್ಟಲು ಬರುತ್ತದೇನೋ ಎಂದು ಆಸೆಯಿಂದ ಕಾದೆ. ಅವರು ಕಲ್ಲಿನ ಗುಂಡಿಗೆ ಮಣ್ಣು ತುಂಬಿ ಮನಿಪ್ಲಾಂಟ್ ನೆಟ್ಟರು. ಈಗ ಬಂದವರಿಗೆಲ್ಲ ಅದನ್ನು ತೋರಿಸಿ "ಇದು ನಮ್ಮ ಹೆರಿಟೇಜ್" ಎನ್ನುತ್ತಾರೆ.

ನನ್ನ ಉಮ್ಮ ಅಂಥದೇ ಒಂದು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಅರ್ಧ ಆಯುಷ್ಯ ಕಳೆದವಳು. ಬೆಳಿಗ್ಗೆ ರೊಟ್ಟಿಗೆ ಅಕ್ಕಿ, ಮಧ್ಯಾಹ್ನ ಮೀನಿಗೆ ಮಸಾಲೆ. ಮೆಣಸು ಅರೆದ ದಿನ ಬೆರಳು ಉರಿಯುತ್ತದೆಂದು ನಮಗೆ ಕೈಯಲ್ಲಿ ಹೊಡೆಯುತ್ತಿರಲಿಲ್ಲ, ಸೌಟಿನಲ್ಲಿ ಹೊಡೆಯುತ್ತಿದ್ದಳು. ಹಾಗಾಗಿ ಮೀನುಸಾರಿನ ದಿನ ನಾವು ತಂಟೆ ಕಡಿಮೆ ಮಾಡುತ್ತಿದ್ದೆವು. ಮನೆಗೆ ಮಿಕ್ಸಿ ಬಂದ ದಿನ ಅವಳು ಆ ಕಲ್ಲನ್ನು ಅಣ್ಣನ ಕೈಯಲ್ಲಿ ಹಿತ್ತಿಲಿಗೆ ಉರುಳಿಸಿ, "ಅಲ್ಲೇ ಬಿದ್ದಿರು ಹಾಳಾದ್ದು" ಎಂದು ಬೈದು ಸೊಂಟ ಹಿಡಿದುಕೊಂಡು ಒಳಗೆ ಬಂದಳು. ಹೆರಿಟೇಜಿನ ವಿಷಯದಲ್ಲಿ ಅವಳ ಅಭಿಪ್ರಾಯ ಅಷ್ಟೇ ಇತ್ತು.

ಹಳೆಯದನ್ನು ಕಂಡರೆ ನನಗೆ ಸಿಟ್ಟೆಂದು ತಿಳಿಯಬೇಡಿ, ನಾನೇ ಈಗ ಹಳೆಯವನು. ಹಳೆಯದನ್ನು ತೊಳೆದು, ಪಾಲಿಶ್ ಹೊಡೆದು, ಅದರ ಮುಂದೆ ಒಂದು ದಿನವೂ ಬೆವರು ಸುರಿಸದವರು ನಿಂತು ವಿವರಣೆ ಕೊಡುವುದನ್ನು ಕಂಡರೆ ಮಾತ್ರ ನನ್ನ ಪಿತ್ತ ನೆತ್ತಿಗೇರುತ್ತದೆ. ಈ ಕಾಯಿಲೆ ನನಗೆ ಊರಿನಲ್ಲಿ ಅಂಟಿದ್ದಲ್ಲ. ಸೌದಿಯಲ್ಲಿ, ಎಂಬತ್ತರ ದಶಕದ ನಡುವಿನಲ್ಲಿ, ಅಲ್ ಖಫ್ಜಿಯ ಕಡಲ ದಡದಲ್ಲಿ ಅಂಟಿದ್ದು.

ನಾನು ಆಗ ಅಲ್ಲಿ ಒಂದು ಸರ್ವೆ ಕಂಪೆನಿಯಲ್ಲಿ ಟೈಪಿಸ್ಟ್. ನೆಲ ಅಳೆದು, ತೂತು ಕೊರೆದು, ಒಳಗೆ ಏನಿದೆ ಎಂದು ದೊಡ್ಡ ಕಂಪೆನಿಗಳಿಗೆ ಹೇಳುವುದು ನಮ್ಮ ಸಣ್ಣ ಕಂಪೆನಿಯ ಕಸುಬು. ಒಳಗೆ ಏನಿದೆ ಎಂದು ನನಗಂತೂ ಕೊನೆಯವರೆಗೂ ತಿಳಿಯಲಿಲ್ಲ, ನಾನು ಕಾಗುಣಿತದ ತಪ್ಪಿಲ್ಲದೆ ಟೈಪು ಮಾಡುತ್ತಿದ್ದೆ ಅಷ್ಟೆ. ಮೂಲ್ಕಿ ಕಡೆಯ ಬ್ಯಾರಿ ಹುಡುಗ, ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತೇನೆಂಬ ಜಂಬ ತಲೆಗೇರಿತ್ತು. ಕ್ಯಾಂಪಿನಲ್ಲಿ ಯಾರಿಗೆ ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣಕ್ಕೆ ಅರ್ಜಿ ಬೇಕಾದರೂ, ಯಾರಿಗೆ ರಜೆಯ ಪತ್ರ ಬೇಕಾದರೂ ನನ್ನ ಬಳಿ ಬರಬೇಕು. ಬಂದವರನ್ನು ಸ್ವಲ್ಪ ಹೊತ್ತು ಕಾಯಿಸದೆ ನಾನು ಬರೆದುಕೊಡುತ್ತಿರಲಿಲ್ಲ. ಈಗ ನೆನೆಸಿಕೊಂಡರೆ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸುತ್ತದೆ.

ನಮ್ಮ ಆಫೀಸಿನಿಂದ ಕೂಗಳತೆಯಲ್ಲಿ, ನೀರಿಗೆ ತಾಗಿದಂತೆ ಒಂದು ಪಾಳುಮನೆ ಇತ್ತು. ಎರಡು ಕೋಣೆ, ಒಂದು ಜಗಲಿ, ಹಿಂದೆ ಒಂದು ಅಡುಗೆಮನೆ. ಜಿಪ್ಸಮ್ಮಿನ ಬಿಳಿ ಗೋಡೆ, ತಗಡಿನ ಮಾಡು. ಕಂಪೆನಿ ಶುರುವಾದಾಗ, ಎಂದರೆ ನಾನು ಹೋಗುವುದಕ್ಕೆ ಇಪ್ಪತ್ತೈದು ವರ್ಷಗಳಿಗೂ ಮೊದಲು, ನಾಲ್ವರು ಬಿಳಿಯ ಸರ್ವೆಯರುಗಳು ಅಲ್ಲಿ ಬಂದು ತಂಗಿದ್ದರಂತೆ. ಆಮೇಲೆ ಅದು ತುಕ್ಕು ಹಿಡಿದ ಪೈಪುಗಳ ಗೋದಾಮಾಯಿತು. ಪೈಪುಗಳ ಮಧ್ಯೆ ಯಾರದೋ ಆಡುಗಳು ಮರಿ ಹಾಕುತ್ತಿದ್ದವು. ಯಾರಿಗೂ ಆ ಮನೆಯ ಮೇಲೆ ಗೌರವವಿರಲಿಲ್ಲ, ಆಡುಗಳಿಗೆ ಇತ್ತೋ ಏನೋ.

ಎಣ್ಣೆಯ ಬೆಲೆ ಬಿತ್ತು ನೋಡಿ, ನಮಗೆ ಕೆಲಸ ಕಡಿಮೆಯಾಯಿತು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎನ್ನುತ್ತಾರಲ್ಲ, ಹಾಗೆ ನಮ್ಮ ಕಂಪೆನಿ ತನ್ನ ಇತಿಹಾಸ ಕೆತ್ತಲು ಕುಳಿತಿತು. ಪಾಳುಮನೆಯನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡುವುದೆಂದು ಹೆಡ್ಡಾಫೀಸಿನಿಂದ ಟೆಲೆಕ್ಸ್ ಬಂತು. ಬರಿಯ ಮ್ಯೂಸಿಯಂ ಅಲ್ಲ, 'ಜೀವಂತ ಮ್ಯೂಸಿಯಂ'. ಗಾಜಿನ ಪೆಟ್ಟಿಗೆಯೊಳಗೆ ಸಾಮಾನು ಇಡುವುದರ ಬದಲು, ಜನರೇ ಹಳೆಯ ಬಟ್ಟೆ ಹಾಕಿಕೊಂಡು ಅಂದಿನ ಬದುಕನ್ನು ಬದುಕಿ ತೋರಿಸಬೇಕು. ನೋಡಲು ಬಂದವರು ಪಕ್ಕದಲ್ಲಿ ನಿಂತು ಆಹಾ ಎನ್ನಬೇಕು. ಇದನ್ನೆಲ್ಲ ಏರ್ಪಾಟು ಮಾಡಲು ವಿಮಾನದಲ್ಲಿ ಒಬ್ಬ ಪರಿಣಿತ ಬಂದಿಳಿದ.

ಅವನ ಹೆಸರು ಬೇಡ, ಪರಿಣಿತ ಎಂದೇ ಕರೆಯುತ್ತೇನೆ. ಮೂವತ್ತು ದಾಟದ ವಯಸ್ಸು, ಖಾಕಿ ಚಡ್ಡಿ, ಕಿವಿಯ ಮೇಲೆ ಪೆನ್ಸಿಲು. ಅರಬರ ನಾಡಿನಲ್ಲಿ ಅವನ ಒಟ್ಟು ಅನುಭವ ಐದು ವಾರ. ಅವನು ಮೊದಲು ಮನೆಯೊಳಗಿನ ಮರಳನ್ನೆಲ್ಲ ಗುಡಿಸಿ ಹೊರಗೆ ಹಾಕಿಸಿದ. ಆಮೇಲೆ ನೆಲ ಬೋಳಾಗಿ ಕಾಣುತ್ತದೆ, ಮರುಭೂಮಿಯ ಕಳೆ ಬರುತ್ತಿಲ್ಲ ಎಂದು ಬುರೈದಾ ಕಡೆಯಿಂದ ಲಾರಿಯಲ್ಲಿ ಕೆಂಪು ಮರಳು ತರಿಸಿ ಅದೇ ನೆಲದ ಮೇಲೆ ತೆಳ್ಳಗೆ ಹರಡಿಸಿದ. ನಮ್ಮ ಮರಳು ಬೂದು ಬಣ್ಣ, ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲವಂತೆ. ಅಂದಿನ ಬಿಸಿಲಿನಲ್ಲಿ ಆ ನಾಲ್ವರು ಬೆಂದುಹೋದದ್ದನ್ನು ತೋರಿಸುವ ಕೋಣೆಗೆ, ಹಳೆಯ ಟ್ರಂಕಿನ ಹಿಂದೆ ಮರೆಮಾಡಿ ಏರ್‌ಕಂಡೀಷನ್ ಕೂರಿಸಿದ, ಅಡುಗೆಮನೆಗೂ ಇನ್ನೊಂದು. ಕಷ್ಟ ನೋಡಲು ಬಂದವರಿಗೆ ಕಷ್ಟವಾಗಬಾರದಲ್ಲ.

ಇಷ್ಟೆಲ್ಲ ಮಾಡುವವನು ಒಂದು ಸಂಗತಿ ಕೇಳಿ ತಿಳಿಯಬಹುದಿತ್ತು. ಆ ಮನೆಯಲ್ಲಿ ಮೊದಲ ದಿನದಿಂದ ಇದ್ದ ಒಬ್ಬ ಮನುಷ್ಯ ಅವನಿಗೆ ದಿನಾ ಮೂರು ಹೊತ್ತು ಊಟ ಬಡಿಸುತ್ತಿದ್ದ.

ಅವರೇ ಉಸ್ಮಾನಾಕ. ಗಂಗೊಳ್ಳಿಯವರು. ನಾಲ್ವರು ಸರ್ವೆಯರುಗಳಿಗೆ ಅಡುಗೆಯವರಾಗಿ ಬಂದು, ಸರ್ವೆಯರುಗಳು ಮುದುಕರಾಗಿ ತಮ್ಮ ದೇಶಕ್ಕೆ ಹೋದ ಮೇಲೂ ಕಂಪೆನಿಯ ಮೆಸ್ಸಿನಲ್ಲಿ ಉಳಿದುಕೊಂಡವರು. ಹಿರಿಯರ ಹೆಸರಿಗೆ 'ಆಕ' ಸೇರಿಸುವುದು ನಮ್ಮ ಬ್ಯಾರಿಗಳ ರೂಢಿ. ಅವರ ಮನೆಮಾತು ಬೇರೆ, ನನ್ನದು ಬೇರೆ, ನಾವಿಬ್ಬರೂ ಮಾತಾಡುತ್ತಿದ್ದದ್ದು ಕನ್ನಡ. ಇಡೀ ಕ್ಯಾಂಪಿನಲ್ಲಿ ಕನ್ನಡ ತಿಳಿದವರು ನಾವಿಬ್ಬರೇ. ಮ್ಯಾನೇಜರನ ಮುಂದೆಯೇ ಮ್ಯಾನೇಜರನನ್ನು ಬೈಯುವ ಸೌಭಾಗ್ಯ ಅದರಿಂದ ನಮಗಿತ್ತು. ಸಂಜೆ ಮೆಸ್ಸಿನ ಹಿಂದೆ ಅವರು ಮೀನು ಶುಚಿಮಾಡುತ್ತ ಕುಳಿತರೆ ನಾನು ಡಬ್ಬವೊಂದನ್ನು ಮಗುಚಿ ಹಾಕಿ ಪಕ್ಕ ಕೂರುತ್ತಿದ್ದೆ. ಅಲ್ಲಿನ ಮೀನಿಗೆ ರುಚಿಯಿಲ್ಲ, ಕಡಲು ಉಪ್ಪು ಹೆಚ್ಚಾಗಿ ಮೀನಿನ ನಾಲಗೆ ಸತ್ತುಹೋಗಿದೆ ಎಂಬುದು ಅವರ ಖಚಿತ ಅಭಿಪ್ರಾಯ.

ಜೀವಂತ ಮ್ಯೂಸಿಯಮ್ಮಿಗೆ ಜೀವ ಬೇಕಲ್ಲ. ನಾಲ್ವರು ಸರ್ವೆಯರುಗಳ ವೇಷಕ್ಕೆ ಆಫೀಸಿನ ಬಿಳಿಯರನ್ನು ಆರಿಸಿದರು, ಒಬ್ಬ ಕಡಿಮೆ ಬಿದ್ದದ್ದಕ್ಕೆ ಲೆಬನಾನಿನ ಸ್ಟೋರ್‌ಕೀಪರನನ್ನು ಸೇರಿಸಿಕೊಂಡರು. ಅಡುಗೆಯವನ ವೇಷಕ್ಕೆ ಉಸ್ಮಾನಾಕನನ್ನೇ ಕರೆದರು. ಹಳಬ ಎಂದಲ್ಲ, ಮ್ಯೂಸಿಯಂ ತೆರೆಯುವುದು ರಜೆಯ ದಿನವಾದ ಶುಕ್ರವಾರ, ಆ ದಿನ ಬೇರೆ ಯಾರೂ ಸಿಗುವುದಿಲ್ಲ ಎಂದು. ಪರಿಣಿತನ ಮಾತು ತಿಳಿಸಿಹೇಳಲು ನಾನು ಜೊತೆಗಿದ್ದೆ. ಅವನು ಒಂದು ಚೀಲದಿಂದ ಕೆಂಪು ಮುಂಡಾಸು, ಕಸೂತಿಯ ತೋಳಿಲ್ಲದ ಅಂಗಿ, ಮುಂದೆ ಚೂಪಾಗಿ ಮೇಲಕ್ಕೆ ತಿರುಗಿದ ಜೋಡು ಹೊರತೆಗೆದ.

"ಇದೆಂತ ಮಾರಾಯ, ಮದುವೆಯಾ?" ಎಂದರು ಉಸ್ಮಾನಾಕ.

"ನೀವು ಆಗ ಹಾಕುತ್ತಿದ್ದ ಬಟ್ಟೆಯಂತೆ," ಎಂದೆ.

"ನಾನು ಹಾಕ್ತಾ ಇದ್ದದ್ದು ಲುಂಗಿ, ಬನಿಯನು. ಬನಿಯನು ಸಹ ಎಲ್ಲಾ ದಿನ ಇಲ್ಲ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಲುಂಗಿ ಆ ಕಾಲಕ್ಕೆ ಹೊಂದುವುದಿಲ್ಲ ಎಂದ ಪರಿಣಿತ. ಆ ಕಾಲದಲ್ಲಿ ಅವನು ಅಂಬೆಗಾಲಿಡುತ್ತಿದ್ದನೋ ಏನೋ. ಆಮೇಲೆ ರೊಟ್ಟಿ ಸುಡುವುದನ್ನು ಕಲಿಸತೊಡಗಿದ. ಉಸ್ಮಾನಾಕ ಅಲ್ಲಿ ಸುಟ್ಟದ್ದು ಕೊಯ್ದ ತಗಡಿನ ಡ್ರಮ್ಮಿನ ಮೇಲೆ. ಪರಿಣಿತ ಕಟ್ಟಿಸಿದ್ದು ಎದೆಮಟ್ಟದ ಮಣ್ಣಿನ ಒಲೆ. ಹಿಟ್ಟು ಹೀಗೆ ತಟ್ಟಬೇಕು, ಹಣೆಯ ಬೆವರು ಹೀಗೆ ತೋಳಿನಿಂದ ಒರೆಸಬೇಕು, ಸಾಹೇಬರು ಒಳಗೆ ಬಂದರೆ ಇಷ್ಟು ಬಾಗಬೇಕು. ಅಜ್ಜಿಗೆ ಕೆಮ್ಮು ಕಲಿಸುವುದನ್ನು ಗಾದೆಯಲ್ಲಿ ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಬಾಗುವುದು ನಾಲ್ಕು ಸಲವೂ ಸರಿಬರಲಿಲ್ಲ.

"ಎಂತ ಅಂತೆ?" ಎಂದು ಉಸ್ಮಾನಾಕ ನನ್ನ ಮುಖ ನೋಡಿದರು.

"ಸಹಜವಾಗಿ ಬರುತ್ತಿಲ್ಲವಂತೆ."

"ನಾನು ನನ್ನ ಹಾಗೆ ಇಲ್ಲ ಅಂತನಾ?" ಅವರು ಹಿಟ್ಟಿನ ಕೈಯಲ್ಲೇ ಮುಂಡಾಸು ಸರಿಮಾಡಿಕೊಂಡರು. "ಆಯ್ತು, ಇನ್ನೊಮ್ಮೆ ಬಾಗುವ. ಇವನಿಗೆ ನನ್ನ ಪರಿಚಯ ಜಾಸ್ತಿ ಉಂಟು."

ನಾವಿಬ್ಬರೂ ನಕ್ಕೆವು. ನಕ್ಕದ್ದನ್ನು ಪರಿಣಿತ ಉತ್ಸಾಹವೆಂದು ತಿಳಿದು ತಾನೂ ನಕ್ಕ.

ಇಲ್ಲಿಯವರೆಗೆ ಹೇಳಿದ್ದನ್ನು ಓದಿ, ಇವನು ಎಲ್ಲರನ್ನೂ ಹೀಯಾಳಿಸುವವನು, ತಾನು ಮಾತ್ರ ಸಾಚಾ ಎಂದು ನಿಮಗನ್ನಿಸಿರಬಹುದು. ಸ್ವಲ್ಪ ತಾಳಿ, ಈಗ ನನ್ನ ಸರದಿ.

ಅಡುಗೆಮನೆಯ ಗೋಡೆಯ ಮೂರು ಪದರ ಬಣ್ಣ ಕೆರೆದಾಗ ಕೆಳಗಿನಿಂದ ಒಂದು ಚಿತ್ರ ಎದ್ದಿತು. ಚಾಕುವಿನ ಮೊನೆಯಲ್ಲಿ ಜಿಪ್ಸಮ್ಮನ್ನು ಗೀರಿ, ಗೀರಿದಲ್ಲಿ ಇದ್ದಿಲು ತಿಕ್ಕಿದ್ದು. ಒಂದು ಅಡ್ಡಗೆರೆ, ಅದರ ಮೇಲೆ ಅರ್ಧವೃತ್ತ, ಸುತ್ತ ಐದು ಸಣ್ಣ ಗೆರೆಗಳು. ಕಡಲಿನ ಕಡೆಯ ಗೋಡೆ. ಪರಿಣಿತ ಮಂಡಿಯೂರಿ ಕುಳಿತು ಅದನ್ನೇ ನೋಡಿದ. ಇದೇನಿರಬಹುದು ಎಂದು ತನ್ನಷ್ಟಕ್ಕೇ ಗೊಣಗಿದ.

ನಾನು ಹಿಂದೆ ನಿಂತಿದ್ದವನು ಬಾಯಿ ಹಾಕಿದೆ. "ಸನ್‌ರೈಸ್, ಸರ್."

ನೋಡಿ, ನಾನು ಹುಟ್ಟಿ ಬೆಳೆದ ಕಡಲಿನಲ್ಲಿ ಸೂರ್ಯ ಮುಳುಗುತ್ತಾನೆಯೇ ಹೊರತು ಹುಟ್ಟುವುದಿಲ್ಲ. ನೀರಿನಿಂದ ಸೂರ್ಯ ಏಳುವುದನ್ನು ಮೊದಲ ಸಲ ಕಂಡದ್ದು ಖಫ್ಜಿಯಲ್ಲಿ, ಕಂಡು ಹೆಂಡತಿಗೆ ಎರಡು ಪುಟ ಪತ್ರ ಬರೆದಿದ್ದೆ. ಆ ಹುಚ್ಚು ಇನ್ನೂ ಇಳಿದಿರಲಿಲ್ಲ. ಪರಿಣಿತ ನನ್ನ ಭುಜ ತಟ್ಟಿದ. ನೂರಾರು ಪತ್ರ ಟೈಪು ಮಾಡಿದಾಗಲೂ ಯಾರೂ ತಟ್ಟದ ಭುಜ ಅದು. ಮರುದಿನವೇ ಅವನು ಬೋರ್ಡಿಗೆ ಒಕ್ಕಣೆ ಬರೆದುಕೊಟ್ಟ, ನಾನು ಟೈಪು ಮಾಡಿದೆ. ಮನೆಯಿಂದ ದೂರವಿದ್ದ ಸರ್ವೆಯರೊಬ್ಬರು ಹೊಸ ನಾಡಿನ ಮೊದಲ ಸೂರ್ಯೋದಯವನ್ನು ಗೋಡೆಯಲ್ಲಿ ಕೆತ್ತಿದರು, ನಾಲ್ಕು ಕಿರಣಗಳು ನಾಲ್ವರು ಸಾಹಸಿಗರು, ಐದನೆಯದು ಕಂಪೆನಿಯ ಭವಿಷ್ಯ, ಎಂದೆಲ್ಲ ಇತ್ತು. ಭವಿಷ್ಯಕ್ಕೆ ಒಂದು ಕಿರಣ ಸಿಕ್ಕಿತು, ಅಡುಗೆಯವನಿಗೆ ಸಿಗಲಿಲ್ಲ ಎಂಬುದು ಟೈಪು ಮಾಡುವಾಗ ನನಗೆ ಹೊಳೆಯಲಿಲ್ಲ. ಜಗಲಿಯಲ್ಲಿ ತೂಗುಹಾಕಲು ನಾಲ್ವರ ಒಂದು ಹಳೆಯ ಫೋಟೋ ದೊಡ್ಡದು ಮಾಡಿಸಿದ್ದರು. ಅದರ ಅಂಚಿನಲ್ಲಿ ಕೆಟಲ್ ಹಿಡಿದ ಒಂದು ಕಪ್ಪು ಕೈ ಮೊಣಕೈವರೆಗೆ ಬಂದಿತ್ತು. ಚೌಕಟ್ಟು ಹಾಕುವಾಗ ಅದನ್ನು ಕತ್ತರಿಸಿ ತೆಗೆದರು.

ಬೋರ್ಡಿನ ಪ್ರತಿಯನ್ನು ಸಂಜೆ ಮೆಸ್ಸಿನ ಹಿಂದೆ ಉಸ್ಮಾನಾಕನಿಗೆ ಓದಿ ಹೇಳಿದೆ. ಕನ್ನಡದಲ್ಲಿ, ಭಾವ ತುಂಬಿ. ಸನ್‌ರೈಸ್ ನನ್ನ ಐಡಿಯಾ ಎಂಬುದನ್ನು ಎರಡು ಸಲ ಹೇಳಿದೆ. ಅವರು ಮೀನಿನ ಕಿವಿರು ಕೀಳುವುದನ್ನು ನಿಲ್ಲಿಸಿದರು.

"ಅದು ನಾನು ಗೀರಿದ್ದು ಮಾರಾಯ."

"ಸೂರ್ಯನನ್ನಾ?"

"ಸೂರ್ಯ ಎಲ್ಲಿಂದ? ಮೆಹರಾಬು." ಮಸೀದಿಯಲ್ಲಿ ಇಮಾಮರು ನಿಲ್ಲುವ ಕಮಾನು. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಮಾಜಿಗೆ ದಿಕ್ಕು ಬೇಕಲ್ಲ, ಅದಕ್ಕೆ."

ನಾನು ಲೆಕ್ಕ ಹಾಕಿದೆ. ಆ ಗೋಡೆ ಪೂರ್ವಕ್ಕಿದೆ. ನಮಾಜಿಗೆ ಮುಖ ಮಾಡಬೇಕಾದ ಮಕ್ಕಾ ಖಫ್ಜಿಯಿಂದ ಇರುವುದು ನೈಋತ್ಯಕ್ಕೆ, ಆ ಗೋಡೆಯ ಎದುರು ನಿಂತವನ ಬೆನ್ನ ಕಡೆಗೆ. ನನಗೆ ಅರ್ಥವಾಯಿತು, ಏಕೆಂದರೆ ನಾನೂ ಅದೇ ಕರಾವಳಿಯವನು. ಬೇರೆ ಯಾವ ಊರಿನವನಿಗೂ ಅರ್ಥವಾಗುತ್ತಿರಲಿಲ್ಲ.

ನಮ್ಮ ಮದರಸದಲ್ಲಿ ಉಸ್ತಾದರು "ಕಿಬ್ಲಾ ಎಲ್ಲಿ?" ಎಂದು, ನಮಾಜಿಗೆ ಮುಖ ಮಾಡುವ ದಿಕ್ಕು ಯಾವುದೆಂದು, ಕೇಳಿದರೆ ನಾವು ಮಕ್ಕಳೆಲ್ಲ ಒಟ್ಟಿಗೆ ಕಡಲಿನ ಕಡೆ ಕೈತೋರಿಸುತ್ತಿದ್ದೆವು. ಪಶ್ಚಿಮ ಎಂಬ ಪದ ಶಾಲೆಯದು, ಕಡಲು ಎಂಬುದು ನಮ್ಮದು. ಮೊರೆತ ಕೇಳುವ ಕಡೆಗೆ ಮುಖ ಮಾಡಿದರೆ ಮುಗಿಯಿತು. ಏಳೋ ಎಂಟೋ ವರ್ಷವಿದ್ದಾಗ ನನ್ನನ್ನು ಪುತ್ತೂರಿನ ಮಾವನ ಮನೆಗೆ ಕರೆದುಕೊಂಡು ಹೋಗಿದ್ದರು. ಸಂಜೆ ನಮಾಜಿಗೆ ಕರೆದರೆ ನಾನು ಅಂಗಳದಲ್ಲಿ ನಿಂತು, ಇಲ್ಲಿ ಕಡಲೇ ಇಲ್ಲ, ನಮಾಜು ಹೇಗೆ ಮಾಡುವುದು ಎಂದು ಅತ್ತುಬಿಟ್ಟೆ. ಮಾವ ಸಾಯುವವರೆಗೂ ಮದುವೆ ಮುಂಜಿಗಳಲ್ಲಿ ಈ ಕತೆ ಹೇಳಿ ನನ್ನ ಮಾನ ಕಳೆಯುತ್ತಿದ್ದರು.

ಉಸ್ಮಾನಾಕ ಲಾಂಚಿನಲ್ಲಿ ಬಂದು ಆ ದಡದಲ್ಲಿ ಇಳಿದಾಗ ಧೂಳಿನ ಬಿರುಗಾಳಿ ಎದ್ದಿತ್ತಂತೆ. ಸೂರ್ಯ ಎಲ್ಲಿ ಹುಟ್ಟಿದ, ಎಲ್ಲಿ ಮುಳುಗಿದ ಒಂದೂ ಕಾಣದು. ಕೇಳೋಣವೆಂದರೆ ಜೊತೆಗಿದ್ದ ನಾಲ್ವರಿಗೂ ಕಿಬ್ಲಾ ಗೊತ್ತಿಲ್ಲ. ಕಡಲಿನ ಸದ್ದು ಮಾತ್ರ ಕೇಳುತ್ತಿತ್ತು. ಹೊಸ ಜಾಗಕ್ಕೆ ಹೋದರೆ ಮೊದಲು ಕಿಬ್ಲಾ ಗುರುತು ಮಾಡಿಕೋ ಎಂದು ಹೊರಡುವಾಗ ತಾಯಿ ಹೇಳಿದ್ದಳು. ಅವರು ಸದ್ದು ಬಂದ ಕಡೆಯ ಗೋಡೆಯಲ್ಲಿ ಕಮಾನು ಗೀರಿದರು, ಐದು ಹೊತ್ತಿಗೆ ಐದು ಗೆರೆ ಎಳೆದರು. ನಾಲ್ಕು ದಿನ ಅದರ ಮುಂದೆ ನಮಾಜು ಮಾಡಿದರು. ಐದನೆಯ ದಿನ ಗಾಳಿ ನಿಂತು, ಮರುಭೂಮಿಯ ಬದೂ ಅರಬನಾದ ಕಾವಲುಗಾರ ಬಂದ. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಅವರ ಎರಡೂ ಭುಜ ಹಿಡಿದು ಪೂರಾ ತಿರುಗಿಸಿ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕನಂತೆ.

"ನಾಲ್ಕು ದಿನ ಕಾಬಾಕ್ಕೆ ಬೆನ್ನು ಹಾಕಿ ನಿಂತವ ನಾನು," ಎಂದರು ಉಸ್ಮಾನಾಕ. "ಗಂಗೊಳ್ಳಿಯಲ್ಲಿ ಇಷ್ಟರವರೆಗೆ ಯಾರಿಗೂ ಹೇಳ್ಲಿಲ್ಲ. ಹೆಂಡತಿಗೆ ಸಹ. ಮಗ ಈಗ ಮಸೀದಿಯಲ್ಲಿ ಇಮಾಮು, ಗೊತ್ತುಂಟಲ್ಲ ನಿಂಗೆ."

"ಹೇಳುವುದೂ ಬೇಡ ಬಿಡಿ," ಎಂದೆ. ನನ್ನ ಸನ್‌ರೈಸಿನ ಗತಿ ಏನಾಗುತ್ತದೋ ಎಂಬ ಚಿಂತೆ ನನಗೆ.

ಆದರೆ ಆ ಬೋರ್ಡು ಅವರಿಗೆ ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪವಾಯಿತು. ಆ ವಾರ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಕಂಪೆನಿಯ ಚೇರ್ಮನ್ ಬಂದು ಮಾಡುವ ಉದ್ಘಾಟನೆಗೆ ಮೂರು ದಿನವಿರುವಾಗ ನನ್ನನ್ನು ಕರೆದು ಕೂರಿಸಿದರು.

"ನೋಡು, ಆ ಮನೆಯ ಜಗಲಿಗೆ ಕಲ್ಲು ಹೊತ್ತದ್ದು ನಾನು. ನೀರು ಹೊತ್ತದ್ದು ನಾನು. ಆ ಸಣ್ಣ ಇಂಜಿನಿಯರಿಗೆ ಜ್ವರ ಬಂದಾಗ ಹನ್ನೊಂದು ದಿನ ಗಂಜಿ ಕುಡಿಸಿದ್ದು ನಾನು. ಈಗ ಇಡೀ ಮನೆ ಹುಡುಕಿದ್ರೆ ನಂದು ಅಂತ ಇರುವುದು ಆ ಗೀಟು ಒಂದೇ. ಅದನ್ನು ಸಹ ಅವರಿಗೆ ಕೊಟ್ರೆ ನಾನು ಇಲ್ಲಿಗೆ ಬಂದೇ ಇಲ್ಲ ಅಂತ ಆಯ್ತಲ್ಲ?"

"ನಿಜ ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಬಲದಿಯಾದ ಅಧಿಕಾರಿಯೂ ಬರುತ್ತಾರೆ," ಎಂದೆ. ಬಲದಿಯಾ ಎಂದರೆ ಅಲ್ಲಿನ ನಗರಸಭೆ.

"ಗೊತ್ತಾಗ್ಲಿ. ತಪ್ಪೇ ಆದರೂ ನಂದೇ ಅಲ್ಲವಾ? ಚೇರ್ಮನ್ ಅಡುಗೆಮನೆಗೆ ಬಂದಾಗ ನಾನು ಹೇಳ್ತೇನೆ. ನನ್ನ ಹರಕು ಇಂಗ್ಲಿಷಿನಲ್ಲಿ ಆಗ್ಲಿಕ್ಕಿಲ್ಲ. ನೀನು ಸರಿಯಾಗಿ ಹೇಳ್ಬೇಕು. ಒಂದು ಮಾತು ಸಹ ಬಿಡ್ಬಾರ್ದು. ಹೇಳ್ತೀಯಲ್ಲ?"

ಹೇಳುತ್ತೇನೆ ಎಂದೆ. ಕೈಮೇಲೆ ಕೈಯಿಟ್ಟು ಹೇಳಿದೆ. ಆಗ ನಿಜವಾಗಿಯೂ ಹೇಳುವ ಮನಸ್ಸೇ ಇತ್ತು, ಇದನ್ನು ನೀವು ನಂಬಬೇಕು.

ಉದ್ಘಾಟನೆಯ ಬೆಳಿಗ್ಗೆ ಎಲ್ಲವೂ ಪರಿಣಿತ ಬರೆದಿಟ್ಟಂತೆಯೇ ನಡೆಯಿತು. ಜಗಲಿಯಲ್ಲಿ ಸ್ಟೋರ್‌ಕೀಪರ್ ದುರ್ಬೀನಿನಲ್ಲಿ ದಿಗಂತ ನೋಡುತ್ತಿದ್ದ, ಅಲ್ಲಿ ನಮ್ಮದೇ ಕ್ಯಾಂಪಿನ ನೀರಿನ ಟ್ಯಾಂಕಿ ಇತ್ತು. ಚೇರ್ಮನ್ ಎತ್ತರದ ಮುದುಕ, ಕೆಂಪು ಮರಳನ್ನು ಬೂಟಿನ ತುದಿಯಿಂದ ಮುಟ್ಟಿ ಅದ್ಭುತ ಎಂದ. ಬಲದಿಯಾದ ಅಧಿಕಾರಿ ಉದ್ದ ಗಡ್ಡದವರು, ಏನೂ ಮಾತಾಡದೆ ಹಿಂದೆ ಬರುತ್ತಿದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ಪರಿಣಿತ ನನ್ನನ್ನು ಮುಂದಕ್ಕೆ ಎಳೆದು, ಈ ಸೂರ್ಯೋದಯವನ್ನು ಗುರುತಿಸಿದವನು ಇವನೇ, ನಮ್ಮ ಟೈಪಿಸ್ಟ್, ಎಂದು ಪರಿಚಯಿಸಿದ. ಚೇರ್ಮನ್ ನನ್ನ ಕೈಕುಲುಕಿ, ಬಹಳ ಸೂಕ್ಷ್ಮದೃಷ್ಟಿಯವನು ನೀನು ಎಂದ. ನನ್ನ ಹೆಂಡತಿಯನ್ನು ಕರೆಸಿಕೊಳ್ಳುವ ಫ್ಯಾಮಿಲಿ ವೀಸಾದ ಪತ್ರ ಆಗ ಎಂಟು ತಿಂಗಳಿಂದ ಈ ಚೇರ್ಮನ್ನನ ಆಫೀಸಿನಲ್ಲಿ ಸಹಿಗೆ ಬಿದ್ದಿತ್ತು.

ಉಸ್ಮಾನಾಕ ಕೆಂಪು ಮುಂಡಾಸಿನಲ್ಲಿ ಒಲೆಯ ಪಕ್ಕ ನಿಂತಿದ್ದರು. ಬಾಗಲಿಲ್ಲ. ಗೋಡೆಯ ಮೇಲೆ ಅಂಗೈಯಿಟ್ಟು ಕನ್ನಡದಲ್ಲಿ ಶುರುಮಾಡಿದರು. ಬಿರುಗಾಳಿ, ಕಡಲಿನ ಸದ್ದು, ತಾಯಿಯ ಮಾತು, ನಾಲ್ಕು ದಿನ, ಕಾವಲುಗಾರನ ನಗು, ಒಂದನ್ನೂ ಬಿಡಲಿಲ್ಲ. ಇಪ್ಪತ್ತೈದು ವರ್ಷ ಹೆಂಡತಿಗೂ ಹೇಳದ್ದನ್ನು ಹಾಗೆ ನಿಂತು ಹೇಳಿದರು. ಗಡ್ಡದ ಅಧಿಕಾರಿ ಅವರ ಮುಖವನ್ನೇ ನೋಡುತ್ತಿದ್ದರು. ಚೇರ್ಮನ್ ನನ್ನ ಕಡೆ ತಿರುಗಿ, ಏನು ಹೇಳುತ್ತಿದ್ದಾನೆ ಎಂದು ಕೇಳಿದ.

ಎಂಟು ತಿಂಗಳ ಪತ್ರ ಕಣ್ಣ ಮುಂದೆ ಬಂತು. ಆಗಷ್ಟೇ ಕುಲುಕಿದ ಕೈ ಇನ್ನೂ ಬೆಚ್ಚಗಿತ್ತು. ನಾನು ಇಂಗ್ಲಿಷಿನಲ್ಲಿ ಹೇಳಿದೆ, "ಸರ್ವೆಯರ್ ಸಾಹೇಬರು ಇದನ್ನು ಗೀರುವಾಗ ಇವರು ಪಕ್ಕದಲ್ಲೇ ನಿಂತು ನೋಡಿದ್ದರಂತೆ ಸರ್. ಬಹಳ ಚೆಂದದ ಸನ್‌ರೈಸ್ ಅಂತ ಹೇಳುತ್ತಿದ್ದಾರೆ."

ಚೇರ್ಮನ್ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು.

ಇಪ್ಪತ್ತೈದು ವರ್ಷ ಬಿಳಿಯರಿಗೆ ಬಡಿಸಿದ ಮನುಷ್ಯನಿಗೆ ಸನ್‌ರೈಸ್ ಎಂಬ ಮಾತು ತಿಳಿಯದೆ ಇರುತ್ತದೆಯೇ? ಉಸ್ಮಾನಾಕ ನನ್ನನ್ನು ನೋಡಿದರು. ಅವರ ಅರಬಿ ಮಾತು ಆ ಅಧಿಕಾರಿಯದಷ್ಟೇ ಸಲೀಸು. ಆ ಕ್ಷಣ ಒಂದೇ ಒಂದು ವಾಕ್ಯ ಅರಬಿಯಲ್ಲಿ ಹೇಳಿದ್ದರೆ ಸಾಕಿತ್ತು, ಗೋಡೆ ಅವರದಾಗುತ್ತಿತ್ತು, ನಾನು ಸುಳ್ಳುಗಾರನಾಗಿ ಮರುದಿನದ ವಿಮಾನ ಹತ್ತುತ್ತಿದ್ದೆ. ಅವರು ಹೇಳಲಿಲ್ಲ. ಗೋಡೆಯಿಂದ ಕೈ ತೆಗೆದರು, ಪರಿಣಿತ ಕಲಿಸಿದಷ್ಟು ಬಾಗಿದರು. ಈ ಸಲ ಸರಿಯಾಗಿ ಬಂತು.

ಆ ಗಡ್ಡದ ಅಧಿಕಾರಿಯ ಬಗ್ಗೆ ಆಮೇಲೆ ತಿಳಿಯಿತು. ತಮಾಷೆಯ ಮನುಷ್ಯ, ಕತೆ ಹೇಳಿಸಿಕೊಂಡು ಬಿದ್ದು ಬಿದ್ದು ನಗುವವರಂತೆ. ಉಸ್ಮಾನಾಕನ ಕತೆ ಕೇಳಿದ್ದರೆ ಅವರೂ ಆ ಕಾವಲುಗಾರನಂತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಅಷ್ಟೇ. ನಾನು ಹೆದರಬೇಕಾದ ಯಾವ ಕಾರಣವೂ ಅಲ್ಲಿರಲಿಲ್ಲ. ನಾಚಿಕೆಯಾಗುತ್ತದೆ, ಆದರೆ ನಾಚಿಕೆ ಬಂದದ್ದು ತಡವಾಗಿ. ಆ ದಿನ ಮಧ್ಯಾಹ್ನ ನಾನು ಬಿರಿಯಾನಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡಿದ್ದೇನೆ. ಬಡಿಸಿದ್ದೂ ಉಸ್ಮಾನಾಕನೇ.

ಅದರ ನಂತರ ಅವರು ನನ್ನೊಡನೆ ಜಗಳವಾಡಲಿಲ್ಲ. ಮಾತೂ ಬಿಡಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿದುಬಿಡುತ್ತಿದ್ದೆ. ಊಟವಾಯಿತಾ, ಸಾರು ಬೇಕಾ ಎಂದು ಕೇಳುತ್ತಿದ್ದರು, ಎಲ್ಲರನ್ನು ಕೇಳುವ ಹಾಗೆ. 'ಮಾರಾಯ' ಎನ್ನುವುದನ್ನು ಮಾತ್ರ ನಿಲ್ಲಿಸಿದರು. ಸಂಜೆ ಮೆಸ್ಸಿನ ಹಿಂದೆ ಹೋದರೆ ಅವರು ಮೀನನ್ನು ಒಳಗೇ ಶುಚಿಮಾಡುತ್ತಿದ್ದರು. ಕ್ಯಾಂಪಿನಲ್ಲಿ ನನಗೆ ಕನ್ನಡ ಮಾತಾಡಲು ಯಾರೂ ಇಲ್ಲದಂತಾಯಿತು.

ನನ್ನ ವೀಸಾದ ಪತ್ರಕ್ಕೆ ಮುಂದಿನ ತಿಂಗಳೇ ಸಹಿ ಬಿತ್ತು. ಹೆಂಡತಿ ಬಂದಳು. ಖಫ್ಜಿಯಲ್ಲಿ ಹೊಸದಾಗಿ ಬಂದ ಹೆಂಗಸರಿಗೆ ತೋರಿಸಲು ಇದ್ದದ್ದಾದರೂ ಏನು? ಕಡಲು, ಒಂದು ಸೂಪರ್‌ಮಾರ್ಕೆಟ್, ನಮ್ಮ ಮ್ಯೂಸಿಯಂ. ಬೇಡ ಬೇಡ ಎಂದರೂ ಒಂದು ಶುಕ್ರವಾರ ಸಂಜೆ ಅವಳೇ ಹಟ ಹಿಡಿದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಜಗಲಿ ದಾಟಿ, ಕೋಣೆ ದಾಟಿ, ಅಡುಗೆಮನೆಗೆ ಬಂದೆವು. ಉಸ್ಮಾನಾಕ ರೊಟ್ಟಿ ತಟ್ಟುತ್ತಿದ್ದರು. ತಲೆಯೆತ್ತಿ ನಮ್ಮನ್ನು ನೋಡಿ, ಎಲ್ಲ ಪ್ರೇಕ್ಷಕರಿಗೆ ಬಾಗುವಂತೆ ಬಾಗಿದರು. ತೋಳಿನಿಂದ ಹಣೆಯ ಬೆವರು ಒರೆಸಿಕೊಂಡರು. ಏರ್‌ಕಂಡೀಷನ್ ಚೆನ್ನಾಗಿ ಓಡುತ್ತಿತ್ತು, ಬೆವರು ಇರಲಿಲ್ಲ.

ಇವರು ಗಂಗೊಳ್ಳಿಯವರು ಎಂದು ಅವಳಿಗೆ ಮೊದಲೇ ಹೇಳಿದ್ದೆ. ಹೆಂಡತಿ ಊರಿನವರು ಸಿಕ್ಕ ಖುಷಿಯಲ್ಲಿ ಗೋಡೆಯ ಕಡೆ ಕೈಮಾಡಿ ಕನ್ನಡದಲ್ಲೇ ಕೇಳಿದಳು, "ಅದೆಂತದು ಚಿತ್ರ?"

"ಸರ್ವೆಯರ್ ಸಾಹೇಬ್ರು ಬರೆದದ್ದಮ್ಮ," ಎಂದರು ಉಸ್ಮಾನಾಕ. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ಸನ್‌ರೈಸ್ ಅಂತ ಹೇಳ್ತಾರೆ. ನಂಗೆ ಅಷ್ಟೇ ಗೊತ್ತಿರುವುದು. ಜಾಸ್ತಿ ನಿಮ್ಮ ಯಜಮಾನ್ರಿಗೆ ಗೊತ್ತುಂಟು, ಅವರ ಹತ್ರ ಕೇಳಿ."

ಅವರು ಒಲೆಯ ಕಡೆ ತಿರುಗಿದರು. ಹೆಂಡತಿ ಬುರ್ಖಾದ ಮುಸುಕು ಸರಿಸಿ, ನಗುತ್ತ, ಹೆಮ್ಮೆಯಿಂದ ನನ್ನ ಮುಖ ನೋಡಿದಳು.

ನಾನು ಅವಳಿಗೆ ಬೋರ್ಡು ಓದಿ ಹೇಳಿದೆ.